ಬಸುರಿಯ ಉಸಿರು: ಕೂರುವ ಬಗೆ, ಮಲಗುವ ಬಗೆ



"ಸಿಸ್ಟರ್, ಏಳು ತಿಂಗಳಾಯ್ತು, ಕೂತ್ರೆ ದಮ್ಮು ಕಟ್ತದೆ, ಮಲಗಿದ್ರೆ ಉಸಿರು ಸಿಕ್ಕೋದಿಲ್ಲ." ಸಂಘದ ಸಭೆಗಳಲ್ಲಿ ಬಸುರಿ ಹೆಂಗಸರಿಂದ ನಾವು ಆಗಾಗ ಕೇಳುವ ಮಾತಿದು. "ಬಸುರಲ್ಲಿ ಇದೆಲ್ಲ ಇದ್ದದ್ದೇ" ಅಂತಾರೆ ಹಿರಿಯರು. ಅದು ಅರ್ಧ ನಿಜ. ಉಳಿದರ್ಧವನ್ನೂ ನಾವು ತಿಳಿದಿರಬೇಕು.

ಉಸಿರು ಕಟ್ಟುವುದೇಕೆ?

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಉಸಿರು ಎಳೆದಾಗ ಅದು ಕೆಳಗಿಳಿಯುತ್ತದೆ, ಶ್ವಾಸಕೋಶ ಅರಳುತ್ತದೆ. ಗರ್ಭಕೋಶ ಬೆಳೆದಂತೆ ಈ ಪರದೆಯನ್ನು ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ತಳ್ಳುತ್ತದೆ. ಅದಕ್ಕೆ ಸರಿಯಾಗಿ ಪಕ್ಕೆಲುಬುಗಳು ಅಗಲವಾಗಿ ಜಾಗ ಮಾಡಿಕೊಡುತ್ತವೆ. ಆದರೆ ನಾವು ಬೆನ್ನು ಬಾಗಿಸಿ ಕೂತರೆ ಆ ಜಾಗವೂ ಹೋಗುತ್ತದೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವಾಗ, ಬಗ್ಗಿ ಪಾತ್ರೆ ತೊಳೆಯುವಾಗ ಏದುಸಿರು ಹೆಚ್ಚುವುದು ಇದಕ್ಕೇ.

ಹೀಗೆ ಮಾಡಿ ನೋಡಿ

* ಗೋಡೆಗೆ ಬೆನ್ನು ಕೊಟ್ಟು ನೇರ ಕೂರಿ. ಸೊಂಟದ ಹಿಂದೆ ಮಡಿಸಿದ ಹಳೇ ಸೀರೆ ಇಡಿ. ಭುಜ ಸಡಿಲ ಬಿಡಿ.
* ಕೆಲಸವನ್ನು ಮಡಿಲಿನಿಂದ ಎತ್ತರಕ್ಕೆ ತನ್ನಿ. ಮೊರವನ್ನು ಮಣೆ ಅಥವಾ ಸ್ಟೂಲಿನ ಮೇಲಿಡಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.
* ದಮ್ಮು ಹತ್ತಿದಾಗ ಕುರ್ಚಿಯಲ್ಲಿ ಕೂತು ಕಾಲು ಅಗಲಿಸಿ, ಸ್ವಲ್ಪ ಮುಂದೆ ಬಾಗಿ, ಕೈಗಳನ್ನು ಮೇಜಿನ ಮೇಲೆ ಊರಿ. ನಿಧಾನ ಉಸಿರಾಡಿ.
* ಮಲಗುವಾಗ ತಲೆ ಮಾತ್ರವಲ್ಲ, ಭುಜವೂ ಎತ್ತರ ಇರುವಂತೆ ಎರಡು ದಿಂಬು ಇಡಿ. ಊಟ ಆದ ಕೂಡಲೇ ಮಲಗಬೇಡಿ.
* ಐದು ತಿಂಗಳು ದಾಟಿದ ಮೇಲೆ ಅಂಗಾತ ಮಲಗಬೇಡಿ. ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳದ ಮೇಲೆ ಗರ್ಭದ ಭಾರ ಬೀಳುತ್ತದೆ. ಎಡ ಮಗ್ಗುಲು ಒಳ್ಳೆಯದು, ಬಲವೂ ಆಗಬಹುದು. ಎಚ್ಚರವಾದಾಗ ಅಂಗಾತ ಇದ್ದರೆ ಹೆದರೋದು ಬೇಡ, ಮಗ್ಗುಲಾದರೆ ಸಾಕು.

ನಾವು ಕಲಿತ ಪಾಠ

ಒಮ್ಮೆ ಒಬ್ಬ ಸದಸ್ಯೆ ಏದುಸಿರು ಅಂದಾಗ ನಾವೂ "ನೇರ ಕೂತ್ಕೋ, ಸರಿಯಾಗ್ತದೆ" ಅಂದೆವು. ಮುಂದಿನ ಸಭೆಗೂ ಅದೇ ದೂರು. ಆಗ ಕಣ್ಣ ರೆಪ್ಪೆ ಎಳೆದು ನೋಡಿದರೆ ಒಳಗೆಲ್ಲ ಬಿಳಿಚಿತ್ತು. ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ! ಬಸುರಿಯರಿಗೆ ಕನಿಷ್ಠ 11 ಇರಬೇಕು. ಸಕಾಲಕ್ಕೆ ಚಿಕಿತ್ಸೆ ಸಿಕ್ಕಿ ತಾಯಿ ಮಗು ಉಳಿದರು. ನಾವು ಮೊದಲೇ ಕೇಳಬೇಕಿತ್ತು ಎಂಬ ನೋವು ಈಗಲೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹಾಗಾಗಿ ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ಅದರ ಜೊತೆ ಚಹಾ ಕುಡಿಯಬೇಡಿ.

ನೆನಪಿಡಿ: ಭಂಗಿ ಬದಲಿಸಿದಾಗ, ಸ್ವಲ್ಪ ಕೂತಾಗ ಕಡಿಮೆಯಾಗುವ ಏದುಸಿರು ಸಾಮಾನ್ಯವಾಗಿ ಹೆದರುವಂಥದ್ದಲ್ಲ. ಆದರೂ ತಪಾಸಣೆಯಲ್ಲಿ ತಿಳಿಸಿ. ಸುಮ್ಮನೆ ಕೂತರೂ ಕಡಿಮೆಯಾಗದಿದ್ದರೆ, ದಿನೇ ದಿನೇ ಹೆಚ್ಚಿದರೆ ಅಂದೇ ಡಾಕ್ಟರಿಗೆ ತೋರಿಸಿ. ಹಠಾತ್ತನೆ ದಮ್ಮು ಕಟ್ಟಿದರೆ, ಎದೆನೋವು, ತುಟಿ ನೀಲಿಯಾಗುವುದು, ಕೆಮ್ಮಿನಲ್ಲಿ ರಕ್ತ, ಮುಖ-ಕೈ ಊತದ ಜೊತೆ ತಲೆನೋವು, ಒಂದೇ ಕಾಲು ಊದುವುದು ಕಂಡರೆ ಬೆಳಗಿನ ತನಕ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಜೊತೆಗಿರಲಿ.

ಸಂಘ ಏನು ಮಾಡಬಹುದು?

ಸಭೆಯಲ್ಲಿ ಬಸುರಿಗೆ ಗೋಡೆ ಪಕ್ಕದ ಜಾಗ ಅಥವಾ ಕುರ್ಚಿ ಕೊಡಿ. ನೀರು ಹೊರುವ ಕೆಲಸ ಹಂಚಿಕೊಳ್ಳಿ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಒಬ್ಬರು ಜೊತೆಗೆ ಹೋಗಿ. ಆಸ್ಪತ್ರೆ ಖರ್ಚಿಗೆ ಬೇಕಾದರೆ ಆಂತರಿಕ ಸಾಲ ಮೊದಲು ಅವಳಿಗೆ ಸಿಗಲಿ.

ಮಾತೆ ಮರಿಯಮ್ಮನವರು ಬಸುರಿ ಎಲಿಜಬೇತಮ್ಮನವರ ಮನೆಗೆ ಹೋಗಿ ಸುಮಾರು ಮೂರು ತಿಂಗಳು ಜೊತೆಗಿದ್ದರು. ನಾವೂ ನೆರೆಮನೆಯ ಬಸುರಿಯನ್ನು ಈ ವಾರ ಒಮ್ಮೆ ಕೇಳೋಣ: "ಉಸಿರು ಸರಾಗ ಇದೆಯಾ ತಂಗಿ?"