ಅನಂತಪುರದ ಕೆರೆ

ಕುಂಬಳೆಯಿಂದ ಸುಮಾರು 5 ಕಿಲೋಮೀಟರ್ ಒಳಗೆ ಅನಂತಪುರವೆಂಬ ಚಿಕ್ಕ ಊರಿದೆ. ಮೇಲೆ ವಿಶಾಲವಾದ ಮುರಕಲ್ಲಿನ ಪದವು, ತಗ್ಗಿನಲ್ಲಿ ಸುಮಾರು 2 ಎಕರೆಯ ಕೆರೆ, ಕೆರೆಯ ನಡುವೆ ಅನಂತಪದ್ಮನಾಭನ ಗುಡಿ. ತಿರುವನಂತಪುರದ ಸ್ವಾಮಿಗೆ ಇದೇ ಮೂಲಸ್ಥಾನವೆಂದು ನಂಬಿಕೆ. ಬಿಲ್ವಮಂಗಲ ಸ್ವಾಮಿಯ ಸೇವೆಗೆ ಬಂದ ಬಾಲಕನು ಮುನಿದು ಗುಹೆಯಲ್ಲಿ ಮರೆಯಾದ ಕಥೆಯನ್ನು ಮಕ್ಕಳು ಅಜ್ಜಿಯರಿಂದ ಕೇಳಿಯೇ ಇರುತ್ತಾರೆ. ಆದುದರಿಂದ ಇಲ್ಲಿ ನೀರಿನ ವಿಚಾರವನ್ನೇ ಹೆಚ್ಚಾಗಿ ಹೇಳುತ್ತೇವೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದುಹೋಗುತ್ತದೆ. ಅದೆಲ್ಲವೂ ಹರಿದು ಕಡಲು ಸೇರಿದರೆ ಮೇ ತಿಂಗಳಲ್ಲಿ ಕೊಡ ತುಂಬುವುದೆಲ್ಲಿಂದ? ಮುರಕಲ್ಲಿನ ಮೈಯೆಲ್ಲ ತೂತು. ಮಳೆನೀರು ಅದರೊಳಗೆ ಇಳಿದು, ಅಡಿಯ ಜೇಡಿಮಣ್ಣಿನ ಪದರದಲ್ಲಿ ತಡೆದು, ಓರೆಯಾಗಿ ಒಸರಿ ತಗ್ಗಿನಲ್ಲಿ ಒರತೆಯಾಗಿ ಹೊರಬರುತ್ತದೆ. ಈ ಒಸರನ್ನೇ ನಮ್ಮ ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಮನೆಗೂ ಅಡಿಕೆ ತೋಟಕ್ಕೂ ತಂದರು. ಮೇಲೆ ಮದಕಗಳಲ್ಲಿ ಮಳೆನೀರನ್ನು ನಿಲ್ಲಿಸಿದರು. ಪದವು ಬರೀ ಬರಡು ನೆಲವೆನ್ನುವ ಮಾತು ನಮಗೆ ಸರಿಕಾಣದು.

ನಮ್ಮ ಮನೆಗಳ ಗೋಡೆಯೂ ಮುರಕಲ್ಲಿನದೇ. ಕಲ್ಲು ಕಡಿಯಲೇ ಬಾರದೆನ್ನಲಾಗದು. ಅನಂತಪುರದ ಪದವಿನಲ್ಲಿ ಕೈಗಾರಿಕಾ ಪ್ರದೇಶವೂ ಇದೆ; ಯುವಕರಿಗೆ ಕೆಲಸವೂ ಬೇಕಷ್ಟೆ. ಆದರೆ ಯಂತ್ರದಿಂದ ಪದವನ್ನು ಆಳಕ್ಕೆ ಬಗೆದಲ್ಲಿ, ನೆಲಕ್ಕೆಲ್ಲ ಕಾಂಕ್ರೀಟು ಹಾಕಿದಲ್ಲಿ, ಮಳೆಯನ್ನು ಕುಡಿಯುವ ಮೈಯೇ ಇಲ್ಲವಾಗುತ್ತದೆ. ಅಂಗಳದ ನೀರನ್ನು ರಸ್ತೆಗೆ ಬಿಡುವ ಬದಲು ಹೊಂಡ ತೋಡಿ ಇಂಗಿಸುವ ಕೆಲಸವನ್ನು ಹೆತ್ತವರು ಈ ಮಳೆಗಾಲದಲ್ಲೇ ಮಾಡಬಹುದು.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಕಚೇರಿಯ ಕಾಗದಗಳಲ್ಲಿ ಮಲೆಯಾಳ ಬಂದರೂ ಈ ಸೀಮೆಯಲ್ಲಿ ಕನ್ನಡ, ತುಳು, ಮಲೆಯಾಳ ಮೂರೂ ಕೇಳಿಬರುತ್ತವೆ. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರ ರಾತ್ರಿ ಸತ್ತಾಗ ಕೊನೆಯ ದರ್ಶನಕ್ಕೆ ದೊಡ್ಡ ಜನಸ್ತೋಮವೇ ಸೇರಿತ್ತು. ಅದನ್ನು ದೇವಸ್ಥಾನದ ಆವರಣದಲ್ಲೇ ಮಣ್ಣುಮಾಡಿದರು. ಅದು ನೈವೇದ್ಯದ ಅನ್ನವನ್ನು ಮಾತ್ರ ತಿನ್ನುತ್ತಿತ್ತೆಂದು ಭಕ್ತರು ಹೇಳುತ್ತಾರೆ. ಮೊಸಳೆ ಜಾತಿಯೇ ಮಾಂಸಾಹಾರಿ ಎಂಬುದನ್ನು ಮಕ್ಕಳು ಮರೆಯಬಾರದು, ನೀರಿಗೆ ಇಳಿಯಬಾರದು. ಏಕೆಂದರೆ 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿದೆ.