ಅರ್ಧ ಪ್ರದಕ್ಷಿಣೆಯ ವಿದ್ಯುತ್

ನೆಲದಿಂದ ಸುಮಾರು 20ರಿಂದ 50 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕದ ನೇರಕ್ಕೆ, ತಂತಿಯೇ ಇಲ್ಲದೆ ವಿದ್ಯುತ್ ಹರಿಯುತ್ತಿರುತ್ತದೆ. ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಧನ ಅಯಾನುಗಳು ಪಶ್ಚಿಮಕ್ಕೆ ಜರುಗುತ್ತವೆ, ಎಲೆಕ್ಟ್ರಾನುಗಳು ಪೂರ್ವಕ್ಕೆ. ವಿದ್ಯುದಂಶವೂ ದಿಕ್ಕೂ ಎರಡೂ ತಿರುವುಮುರುವಾದ್ದರಿಂದ ಇಬ್ಬರ ಪ್ರವಾಹವೂ ಪಶ್ಚಿಮಮುಖಿಯೇ. ಇದರ ಹೆಸರು ಉಂಗುರ ಪ್ರವಾಹ. ಭೂಕಾಂತೀಯ ಚಂಡಮಾರುತ ಎದ್ದಾಗ ಇದು ದಶಲಕ್ಷಗಟ್ಟಲೆ ಆಂಪಿಯರ್‌ಗೆ ಏರುತ್ತದೆ. ಅದು ಹುಟ್ಟಿಸುವ ಕಾಂತಕ್ಷೇತ್ರ ಭೂಮಿಯ ಕ್ಷೇತ್ರಕ್ಕೆ ಎದುರಾಗಿ ನಿಂತು, ಕೆಳಗಿರುವ ಮಾಪಕಗಳಲ್ಲಿ ಅಂಕಿ ಇಳಿಯುತ್ತದೆ.

ಹೆಸರೇನೋ ಉಂಗುರ. ಆದರೆ ಚಂಡಮಾರುತ ಬಲಿಯುತ್ತಿರುವಾಗ ಅದು ಉಂಗುರವಾಗಿರುವುದೇ ಇಲ್ಲ.

ಸೌರಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದರೆ ಅದು ಭೂಮಿಯ ಕ್ಷೇತ್ರದೊಂದಿಗೆ ಬೆಸೆದುಕೊಂಡು, ರಾತ್ರಿಯ ಕಡೆಯಿಂದ ಕಣಗಳನ್ನು ಒಳಕ್ಕೆ ತಳ್ಳುತ್ತದೆ. ಹಿಂಬಾಗಿಲಿನಿಂದ ಬಂದ ಭಕ್ತರು ಗುಡಿಗೆ ಅರ್ಧ ಪ್ರದಕ್ಷಿಣೆ ಹಾಕಿ ಮುಂಬಾಗಿಲಿನಿಂದ ಹೊರಟುಹೋದರೆ ಹೇಗೋ ಹಾಗೆ, ಅಯಾನುಗಳು ಮಧ್ಯರಾತ್ರಿಯ ಕಡೆಯಿಂದ ಸಂಜೆಯ ಮಗ್ಗುಲು ಹಿಡಿದು, ಹಗಲಿನ ಕಡೆಯ ಗಡಿ ದಾಟಿ ಹೊರಬೀಳುತ್ತವೆ. ಬೆಳಗಿನ ಮಗ್ಗುಲಿಗೆ ಅಷ್ಟು ಮಂದಿ ಬರುವುದೇ ಇಲ್ಲ. ಹಾಗಾಗಿ ಆ ಹೊತ್ತಿಗೆ ಸಂಜೆಯಾಗಿರುವ ಊರಿನ ಮಾಪಕ ಹೆಚ್ಚು ಇಳಿಯುತ್ತದೆ, ಬೆಳಗಾಗಿರುವ ಊರಿನದು ಕಡಿಮೆ. ತಳ್ಳುವ ಬಲ ಕುಗ್ಗಿದ ಮೇಲೆ ಒಳಗೇ ಉಳಿದವು ಪೂರ್ತಿ ಸುತ್ತತೊಡಗುತ್ತವೆ. ಉಂಗುರ ಎಂಬ ಹೆಸರು ಸಾರ್ಥಕವಾಗುವುದು ಆಗ, ಅಂದರೆ ಚಂಡಮಾರುತ ಇಳಿಮುಖವಾದಾಗ.

ಅರ್ಧಕ್ಕೆ ನಿಂತ ಪ್ರವಾಹದ ಕಥೆ ಏನು? ವಿದ್ಯುತ್ ನಡುದಾರಿಯಲ್ಲಿ ಮಾಯವಾಗುವಂತಿಲ್ಲ. ಅದು ಕಾಂತರೇಖೆಗಳನ್ನು ಹಿಡಿದು ಧ್ರುವಪ್ರದೇಶಗಳತ್ತ ಇಳಿದು, ನೂರು ಕಿಲೋಮೀಟರಿಗೂ ಮಿಕ್ಕಿದ ಎತ್ತರದ ಅಯಾನುಗೋಳದಲ್ಲಿ ಅಡ್ಡ ಹಾದು, ಇನ್ನೊಂದು ಕಡೆಯಿಂದ ಮೇಲೇರಿ ಮಂಡಲ ಮುಗಿಸುತ್ತದೆ. ರೇಖೆಗುಂಟ ಹರಿಯುವ ಇಂಥ ಪ್ರವಾಹಗಳನ್ನು ನಾರ್ವೆಯ ಕ್ರಿಸ್ಟಿಯನ್ ಬಿರ್ಕಲ್ಯಾಂಡ್ 20ನೇ ಶತಮಾನದ ಆರಂಭದಲ್ಲೇ ಊಹಿಸಿದ್ದರು. ಬಹುಕಾಲ ಹೆಚ್ಚಿನವರು ಒಪ್ಪಲಿಲ್ಲ. ಉಪಗ್ರಹಗಳು ಮೇಲೆ ಹೋಗಿ ಅಳೆದ ಮೇಲೆ ಒಪ್ಪದೆ ಗತಿಯಿರಲಿಲ್ಲ.

ಸಂಜೆಗೊಂದು, ಬೆಳಗಿಗೊಂದು ಎಂಬ ಈ ಓರೆತನ ಅಳತೆಗಾರರಿಗೆ ದೊಡ್ಡ ತಲೆನೋವು. ಚಂಡಮಾರುತದ ಬಲ ಹೇಳುವ ಡಿಎಸ್‌ಟಿ ಸೂಚ್ಯಂಕಕ್ಕೆ ಹರ್ಮನಸ್, ಕಾಕಿಯೋಕಾ, ಹೊನೊಲುಲು, ಸಾನ್ ಹುವಾನ್ ಎಂಬ ನಾಲ್ಕು ಕೇಂದ್ರಗಳ ಸರಾಸರಿ ತೆಗೆಯುತ್ತಾರೆ. ಭೂಮಿಯ ಸುತ್ತ ಹರಡಿಕೊಂಡ ಕೇಂದ್ರಗಳಾದ್ದರಿಂದ ಒಂದು ಮಗ್ಗುಲಿನ ಅತಿರೇಕ ಸರಾಸರಿಯಲ್ಲಿ ಕರಗುತ್ತದೆ. ಕರಗಿದ್ದನ್ನೇ ಬೇರೆಯಾಗಿ ಎತ್ತಿಡುವ ಅಸಮತೆಯ ಸೂಚ್ಯಂಕವೂ ಇದೆ. ಎರಡನ್ನೂ ಕ್ಯೋಟೋ ವಿಶ್ವವಿದ್ಯಾಲಯ ಪ್ರಕಟಿಸುತ್ತದೆ.

ಕೇಂದ್ರ ಒಂದೇ ಇದ್ದರೆ? 1859ರ ಸೆಪ್ಟೆಂಬರ್ 2ರ ಚಂಡಮಾರುತದ ಪ್ರಶ್ನೆ ಅದೇ. ಅಂದು ಯುರೋಪಿನ ಕೆಲವು ಮಾಪಕಗಳ ಗೆರೆ ಕಾಗದದಾಚೆ ಹೋಗಿತ್ತು. ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಮಾತ್ರ ಕಣ್ಣಲ್ಲೇ ನೋಡಿ ಅಂಕಿ ಬರೆದುಕೊಳ್ಳುತ್ತಿದ್ದರು. ಅವರ ಲೆಕ್ಕದಲ್ಲಿ ಮಧ್ಯಾಹ್ನಕ್ಕೆ ಮುಂಚೆ ಸುಮಾರು 1,600 ನ್ಯಾನೊಟೆಸ್ಲಾ ಇಳಿತ. ಕ್ವಿಬೆಕ್ ಪ್ರಾಂತ್ಯವನ್ನು ಕತ್ತಲಲ್ಲಿಟ್ಟ 1989ರ ಚಂಡಮಾರುತದ ಡಿಎಸ್‌ಟಿ ಕನಿಷ್ಠ ಮೈನಸ್ 589. ಹಾಗೆಂದು 1859ರದ್ದು ಮೂರು ಪಟ್ಟು ಎಂದುಬಿಡುವುದು ಅವಸರದ ಮಾತು. ಒಂದು ಒಂದೂರಿನ ಅಂಕಿ, ಇನ್ನೊಂದು ಸರಾಸರಿ. ಮೇಲಾಗಿ ಕೊಲಾಬಾದ ಇಳಿತ ಒಂದೆರಡು ಗಂಟೆಯಲ್ಲೇ ಬಹುಪಾಲು ಚೇತರಿಸಿಕೊಂಡಿತು. ಉಂಗುರದ ಅಯಾನುಗಳು ಅಷ್ಟು ಬೇಗ ಕರಗುವ ಜಾತಿಯವಲ್ಲ. ಧ್ರುವದ ಕಡೆಯ ಪ್ರವಾಹಗಳು ಕೆಳಗಿನ ಅಕ್ಷಾಂಶಗಳವರೆಗೆ ಜಾರಿಬಂದಿದ್ದವು ಎನ್ನುವ ಸಂಶೋಧಕರಿದ್ದಾರೆ. ನನಗೂ ಆ ವಾದವೇ ಹೆಚ್ಚು ಒಪ್ಪಿತ.

ಸಂಜೆಯ ಮಗ್ಗುಲಿನ ಅಂಕಿ ಸಿಕ್ಕಿದ್ದರೆ ಜಗಳ ಅರ್ಧ ತೀರುತ್ತಿತ್ತು. ಮುಂಬೈಯಲ್ಲಿ ಹನ್ನೊಂದು ಗಂಟೆಯಾದಾಗ ಸಂಜೆ ಆರಾಗುವುದು ಫಿಜಿಯ ಆಸುಪಾಸಿನ ಪೆಸಿಫಿಕ್‌ನಲ್ಲಿ. ಆ ಸಾಗರದ ನಡುವೆ, ಹೊನೊಲುಲುವಿನಲ್ಲಿ, ಕಾಂತ ವೀಕ್ಷಣಾಲಯ ಶುರುವಾದದ್ದು 20ನೇ ಶತಮಾನದಲ್ಲಿ.