ಟೈರನೊಸಾರ್: ಬಟ್ಟೆಗಳ ಸಾಲಿನ ಹಿಂದೆ ಅಡಗಿದವನು

‘ಟೈರನೊಸಾರ್’ 2011ರಲ್ಲಿ ತೆರೆಕಂಡ ಬ್ರಿಟಿಷ್ ಚಿತ್ರ. ನಟ ಪ್ಯಾಡಿ ಕಾನ್ಸಿಡೈನ್ ತಾವೇ ಕಥೆ ಬರೆದು ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರವಿದು. ಜೀವನದಲ್ಲಿ ಜರ್ಜರಿತರಾದ ಇಬ್ಬರು ನಡುವಯಸ್ಸಿನವರು ಯಾವ ನಂಟೂ ಇಲ್ಲದೆ ಒಬ್ಬರಿಗೊಬ್ಬರು ಆಸರೆಯಾಗುವುದು ಇದರ ಕಥಾವಸ್ತು. ಈ ಬಗೆಯ ಕಥೆಗಳು ಸಿನಿಮಾದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲು ಚಿತ್ರಗಳು ಸ್ನೇಹವನ್ನು ಸಕಲ ರೋಗಕ್ಕೂ ಮದ್ದಾಗಿ ಕಾಣಿಸುತ್ತವೆ. ಈ ಚಿತ್ರ ಹಾಗೆ ಮಾಡುವುದಿಲ್ಲ. ಅದರ ಹಿರಿಮೆ ಇರುವುದೂ ಅಲ್ಲಿಯೇ.

ಕಥೆ ನಡೆಯುವುದು ಉತ್ತರ ಇಂಗ್ಲೆಂಡಿನ ಹೆಸರಿಲ್ಲದ ಊರೊಂದರಲ್ಲಿ. ಚಿತ್ರೀಕರಣ ನಡೆದದ್ದು ಲೀಡ್ಸ್ ನಗರದ ಸುತ್ತಮುತ್ತ. ಒಂದು ಕಾಲಕ್ಕೆ ಉಣ್ಣೆಯ ಗಿರಣಿಗಳಿಗೂ ಸಿದ್ಧಉಡುಪಿನ ಕಾರ್ಖಾನೆಗಳಿಗೂ ಹೆಸರಾಗಿದ್ದ ಈ ಪ್ರದೇಶದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವು ಒಂದೊಂದಾಗಿ ಬಾಗಿಲು ಹಾಕಿದವು. ದುಡಿಯುವ ಜನಕ್ಕಾಗಿ ಸ್ಥಳೀಯ ಆಡಳಿತ ಕಟ್ಟಿಸಿದ ‘ಕೌನ್ಸಿಲ್ ಮನೆ’ಗಳ ಸಾಲುಗಳು ಉಳಿದವು, ಕೆಲಸ ಉಳಿಯಲಿಲ್ಲ. ಪಬ್ಬು, ಬೆಟ್ಟಿಂಗ್ ಅಂಗಡಿ, ಸರ್ಕಾರದ ಭತ್ಯೆ ಕೊಡುವ ಅಂಚೆ ಕಚೇರಿ, ಇಷ್ಟರ ನಡುವೆ ದಿನ ಕಳೆಯುವ ಗಂಡಸರಲ್ಲಿ ಜೋಸೆಫ್ ಒಬ್ಬ.

ಜೋಸೆಫ್ ವಿಧುರ, ಕುಡುಕ, ಸಿಟ್ಟು ನೆತ್ತಿಗೇರಿದರೆ ಮೈಮೇಲೆ ಪರಿವೆಯಿಲ್ಲದವನು. ಚಿತ್ರದ ಆರಂಭದಲ್ಲೇ ಬೆಟ್ಟಿಂಗ್ ಅಂಗಡಿಯಲ್ಲಿ ಜಗಳವಾಡಿ ಹೊರಬಂದು, ಆ ಸಿಟ್ಟನ್ನೆಲ್ಲ ತನ್ನ ನಾಯಿಯ ಮೇಲೆ ತೀರಿಸಿಕೊಳ್ಳುತ್ತಾನೆ. ಅವನ ಒಂದೇ ಒದೆತಕ್ಕೆ ನಾಯಿಯ ಪಕ್ಕೆಲುಬು ಮುರಿದು ಅದು ಸಾಯುತ್ತದೆ. ಮನೆಯಲ್ಲಿ ಅವನಿಗೆ ಜೊತೆಯೆಂದು ಇದ್ದದ್ದು ಅದೊಂದೇ ಜೀವ. ಕಥಾನಾಯಕನನ್ನು ನೋಡುಗ ಮೊದಲ ನಿಮಿಷದಲ್ಲೇ ದ್ವೇಷಿಸುವಂತೆ ಮಾಡಿ, ಅಲ್ಲಿಂದಾಚೆ ಅವನ ಜೊತೆ ನಡೆಯಿರಿ ಎಂದು ಕೇಳುವ ಧೈರ್ಯ ಕೆಲವೇ ನಿರ್ದೇಶಕರಿಗಿರುತ್ತದೆ. ನಾಯಿಯನ್ನು ಹೂತ ದುಃಖದಲ್ಲೂ ಜೋಸೆಫ್ ಬದಲಾಗುವುದಿಲ್ಲ. ಅಂಚೆ ಕಚೇರಿಯ ಗಾಜು ಒಡೆಯುತ್ತಾನೆ, ಪಬ್ಬಿನಲ್ಲಿ ಹುಡುಗರ ಮೇಲೆ ಕೈ ಮಾಡುತ್ತಾನೆ.

ಹೀಗೆ ಜಗಳವಾಡಿ ಓಡುತ್ತ ಒಂದು ದಿನ ಅವನು ಹೊಕ್ಕದ್ದು ಚಾರಿಟಿ ಅಂಗಡಿಗೆ. ಜನ ದಾನವಾಗಿ ಕೊಟ್ಟ ಹಳೆಯ ಬಟ್ಟೆಬರೆ, ಸಾಮಾನುಗಳನ್ನು ಮಾರಿ ಬಂದ ಹಣವನ್ನು ಸೇವಾಕಾರ್ಯಕ್ಕೆ ಬಳಸುವ ಇಂಥ ಅಂಗಡಿಗಳು ಬ್ರಿಟನ್ನಿನ ಪ್ರತಿ ಪೇಟೆಬೀದಿಯಲ್ಲೂ ಕಾಣುತ್ತವೆ. ಜೋಸೆಫ್ ತೂಗುಹಾಕಿದ ಕೋಟುಗಳ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಾನೆ. ಅಂಗಡಿ ನೋಡಿಕೊಳ್ಳುವ ಹ್ಯಾನಾ ಪೊಲೀಸರನ್ನು ಕರೆಯುವುದಿಲ್ಲ, ಗದರಿಸುವುದೂ ಇಲ್ಲ. ಬಟ್ಟೆಗಳ ಈಚೆ ನಿಂತು, ನಿಮಗಾಗಿ ಪ್ರಾರ್ಥನೆ ಮಾಡಲೇ ಎಂದು ಕೇಳುತ್ತಾಳೆ. ಮಾಡುತ್ತಾಳೆ ಕೂಡ. ಆಚೆ ಕೂತ ಗಂಡಸು ಅಳುತ್ತಾನೆ. ಮತ್ತೆ ಬಂದಾಗ ಆ ಕೃತಜ್ಞತೆಯೇನೂ ಇರುವುದಿಲ್ಲ. ಅವಳ ದೈವಭಕ್ತಿಯನ್ನೂ ಶ್ರೀಮಂತರ ಬಡಾವಣೆಯ ಸುಖದ ಬಾಳನ್ನೂ ಹೀಯಾಳಿಸಿ, ಕಷ್ಟವೆಂದರೆ ಏನೆಂದು ನಿನಗೇನು ಗೊತ್ತು ಎಂಬಂತೆ ಮಾತಾಡುತ್ತಾನೆ. ತನಗೆ ಕರುಣೆ ತೋರಿದವರ ಮೇಲೆಯೇ ಹರಿಹಾಯುವ ಈ ಸ್ವಭಾವವನ್ನು ಚಿತ್ರ ಬಹಳ ನಿಖರವಾಗಿ ಹಿಡಿದಿದೆ. ದಯೆಯನ್ನು ಸ್ವೀಕರಿಸಿದರೆ ತಾನು ಸೋತೆನೆಂದು ಒಪ್ಪಿಕೊಂಡಂತೆ ಎಂಬ ಭಯ ಅವನ ಬೈಗುಳದ ಅಡಿಯಲ್ಲಿದೆ.

ಹ್ಯಾನಾಳ ಮನೆಯ ಕಥೆ ಅವನ ಊಹೆಗೆ ತೀರ ವಿರುದ್ಧ. ನೀಟಾದ ಮನೆ, ಮರ್ಯಾದಸ್ಥ ಗಂಡ ಜೇಮ್ಸ್. ರಾತ್ರಿ ತಡವಾಗಿ ಮನೆಗೆ ಬಂದ ಆತ ಸೋಫಾದಲ್ಲಿ ಮಲಗಿದ ಹೆಂಡತಿಯ ಮೇಲೆ ಮೂತ್ರ ಮಾಡುತ್ತಾನೆ. ಅವಳು ನಿದ್ದೆ ಬಂದವಳಂತೆ ಕದಲದೆ ಮಲಗಿರುತ್ತಾಳೆ. ಆಮೇಲೆ ಅದೇ ಗಂಡ ಅವಳ ಕಾಲಬುಡದಲ್ಲಿ ಕೂತು ಅತ್ತು ಕ್ಷಮೆ ಕೇಳುತ್ತಾನೆ. ಹಿಂಸೆ, ಪಶ್ಚಾತ್ತಾಪ, ಮತ್ತೆ ಹಿಂಸೆ: ಕೌಟುಂಬಿಕ ದೌರ್ಜನ್ಯವನ್ನು ಬಲ್ಲವರು ಈ ಸುತ್ತನ್ನು ತಕ್ಷಣ ಗುರುತಿಸುತ್ತಾರೆ. ಅಂಗಡಿಯಲ್ಲಿ ನಗುಮುಖದ ಭಕ್ತೆಯಾದ ಹ್ಯಾನಾ ಗುಟ್ಟಾಗಿ ಕುಡಿಯುತ್ತಾಳೆ. ಬಡವರ ಕೇರಿಯಲ್ಲಿ ಹಿಂಸೆ ಬೀದಿಗೆ ಬೀಳುತ್ತದೆ, ಉಳ್ಳವರ ಬಡಾವಣೆಯಲ್ಲಿ ಅದು ಪರದೆಯ ಹಿಂದೆ ನಡೆಯುತ್ತದೆ ಎಂಬುದನ್ನು ಚಿತ್ರ ಯಾವ ಭಾಷಣವೂ ಇಲ್ಲದೆ ತೋರಿಸುತ್ತದೆ.

ಮುಂದಿನ ಘಟನೆಗಳು ವೇಗವಾಗಿ ಸಾಗುತ್ತವೆ. ಜೋಸೆಫನ ಆಪ್ತ ಗೆಳೆಯ ಕ್ಯಾನ್ಸರಿನಿಂದ ಸಾಯುತ್ತಾನೆ. ಅಂತ್ಯಕ್ರಿಯೆಗೆ ಬೇಕಾದ ಸೂಟನ್ನು ಹ್ಯಾನಾ ತನ್ನ ಅಂಗಡಿಯಲ್ಲೇ ಹೊಂದಿಸಿಕೊಡುತ್ತಾಳೆ. ಅವರಿಬ್ಬರನ್ನು ಜೊತೆಯಲ್ಲಿ ಕಂಡ ಜೇಮ್ಸ್ ಅಸೂಯೆಯಿಂದ ಮೃಗವಾಗುತ್ತಾನೆ. ಜಜ್ಜಿದ ಮುಖ ಹೊತ್ತು ಅವಳು ಬಂದು ನಿಲ್ಲುವುದು ಜೋಸೆಫನ ಬಾಗಿಲಲ್ಲಿ. ಅವನು ಅವಳನ್ನು ಒಳಗೆ ಕರೆದುಕೊಳ್ಳುವುದು ಅಳುಕುತ್ತಲೇ, ಏಕೆಂದರೆ ತಾನೂ ಹೊಡೆಯುವ ಜಾತಿಯವನೆಂದು ಅವನಿಗೆ ಗೊತ್ತು. ಚಿತ್ರದ ಹೆಸರಿನ ಗುಟ್ಟು ತೆರೆದುಕೊಳ್ಳುವುದು ಈ ಹಂತದಲ್ಲಿ. ಜೋಸೆಫನ ಸತ್ತ ಹೆಂಡತಿ ಸ್ಥೂಲಕಾಯದವಳು. ಅವಳು ಮೆಟ್ಟಿಲು ಹತ್ತಿದರೆ ಕಪ್ಪಿನ ಚಹಾ ಅಲುಗುತ್ತಿತ್ತಂತೆ, 1993ರ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ದೈತ್ಯಪ್ರಾಣಿ ಬರುವಾಗ ನೀರು ಅಲುಗುವ ಹಾಗೆ. ಅದಕ್ಕೇ ಅವನು ಅವಳಿಗೆ ‘ಟೈರನೊಸಾರ್’ ಎಂದು ಅಡ್ಡಹೆಸರಿಟ್ಟಿದ್ದ. ಸಕ್ಕರೆ ಕಾಯಿಲೆಯಿಂದ ಕಾಲು, ಕಣ್ಣು ಕಳೆದುಕೊಂಡು ಆಕೆ ಸತ್ತ ಮೇಲೆ ಆ ತಮಾಷೆಯ ಕ್ರೌರ್ಯ ಅವನಿಗೆ ಅರಿವಾಗಿದೆ. ಮಹಾಪಾಪಗಳ ಪಟ್ಟಿಯಲ್ಲಿ ಇದು ಸೇರದಿರಬಹುದು. ಆದರೆ ಅವನನ್ನು ಒಳಗೊಳಗೆ ಕೊರೆಯುತ್ತಿರುವುದು ಇದೇ.

ಗೆಳೆಯನ ಅಂತ್ಯಕ್ರಿಯೆಯ ನಂತರ ಪಬ್ಬಿನಲ್ಲಿ ಸೇರಿದ ಜನ ಹಾಡಿ ಕುಣಿಯುತ್ತಾರೆ. ಇಡೀ ಚಿತ್ರದಲ್ಲಿ ಜೋಸೆಫ್ ಮತ್ತು ಹ್ಯಾನಾ ಮನಸಾರೆ ನಗುವುದು ಈ ಸಾವಿನ ಕೂಟದಲ್ಲೇ. ಬಳಿಕ ಜೋಸೆಫ್ ಅವಳ ಮನೆಗೆ ಹೋಗಿ ನೋಡಿದರೆ ಅಲ್ಲಿ ಜೇಮ್ಸನ ಹೆಣ. ಅವಳು ಗಂಡನನ್ನು ಕೊಂದೇ ಬಂದಿದ್ದಳು. ಕೊಲೆಯನ್ನು ಕ್ಯಾಮೆರಾ ತೋರಿಸುವುದಿಲ್ಲ. ಕೊನೆಗೆ ಅವಳು ಸೆರೆಮನೆಯಲ್ಲಿ, ಅವನು ಭೇಟಿಗೆ ಬಂದವನು. ಈ ನಡುವೆ ಅವನೂ ಹಿಂಸೆಯನ್ನು ಪೂರ್ತಿ ತೊರೆದಿಲ್ಲ: ನೆರೆಮನೆಯ ಪುಟ್ಟ ಹುಡುಗನ ಮುಖ ಕಚ್ಚಿದ ಪಿಟ್‌ಬುಲ್ ನಾಯಿಯನ್ನು ಕೊಂದಿದ್ದಾನೆ. ಆದರೂ ಆ ಹುಡುಗನ ಬಗೆಗಿನ ಅಕ್ಕರೆ, ಹ್ಯಾನಾಳಿಗೆ ಬರೆಯುವ ಪತ್ರ, ಭೇಟಿಯ ದಿನ ತಪ್ಪಿಸದೆ ಬರುವುದು, ಇವೆಲ್ಲ ಮೊದಲ ದೃಶ್ಯದ ಜೋಸೆಫನಿಂದ ಊಹಿಸಲೂ ಆಗದ ಸಂಗತಿಗಳು. ಸ್ನೇಹ ಇಬ್ಬರ ಗಾಯವನ್ನೂ ಮಾಯಿಸಿಲ್ಲ, ಅವಳನ್ನು ಜೈಲಿನಿಂದ ಬಿಡಿಸಿಲ್ಲ. ಒಬ್ಬರ ಅತಿ ಕೆಟ್ಟ ಕೆಲಸವನ್ನು ಇನ್ನೊಬ್ಬರು ಬಲ್ಲರು, ಬಲ್ಲರಾದರೂ ಬಿಟ್ಟುಹೋಗಿಲ್ಲ. ಚಿತ್ರ ಕೊಡುವ ಭರವಸೆ ಅಷ್ಟೇ, ಅಷ್ಟಾದರೂ ಅದು ಗಟ್ಟಿಯಾದದ್ದು.

ಹ್ಯಾನಾಳಂತೆ ಗಂಡನ ಹಿಂಸೆ ತಾಳಲಾರದೆ ಅವನನ್ನು ಕೊಂದ ಹೆಣ್ಣನ್ನು ನ್ಯಾಯಾಲಯ ಹೇಗೆ ಕಾಣಬೇಕೆಂಬ ಪ್ರಶ್ನೆ ಬ್ರಿಟನ್ನಿನಲ್ಲಿ ಹಳೆಯದು. ಪಂಜಾಬಿನಿಂದ ಮದುವೆಯಾಗಿ ಹೋಗಿದ್ದ ಕಿರಣ್‌ಜಿತ್ ಅಹ್ಲುವಾಲಿಯಾ 1989ರಲ್ಲಿ ಗಂಡನಿಗೆ ಬೆಂಕಿ ಹಚ್ಚಿ ಕೊಲೆಯ ಶಿಕ್ಷೆಗೆ ಗುರಿಯಾದರು. ‘ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್’ ಸಂಘಟನೆಯ ಹೋರಾಟದ ಬೆಂಬಲದೊಂದಿಗೆ ನಡೆದ ಮೇಲ್ಮನವಿಯಲ್ಲಿ 1992ರಲ್ಲಿ ಆ ತೀರ್ಪು ರದ್ದಾಯಿತು. ಐಶ್ವರ್ಯಾ ರೈ ನಟಿಸಿದ ‘ಪ್ರವೋಕ್ಡ್’ ಈ ಪ್ರಕರಣವನ್ನು ಆಧರಿಸಿದ ಚಿತ್ರ. ಸಂಗಾತಿಯನ್ನು ನಿರಂತರ ಹೆದರಿಕೆ, ಹತೋಟಿಯಲ್ಲಿಡುವುದೇ ಅಪರಾಧವೆಂಬ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದದ್ದು 2015ರಲ್ಲಿ, ‘ಟೈರನೊಸಾರ್’ ಬಂದು ನಾಲ್ಕು ವರ್ಷದ ನಂತರ.

ಚಿತ್ರದ ಬೀಜ 2007ರ ಕಿರುಚಿತ್ರ ‘ಡಾಗ್ ಆಲ್ಟುಗೆದರ್’. ಜೋಸೆಫನಾಗಿ ಪೀಟರ್ ಮಲನ್, ಅಂಗಡಿಯ ಹೆಂಗಸಾಗಿ ಒಲಿವಿಯಾ ಕೋಲ್ಮನ್ ಅದರಲ್ಲೇ ನಟಿಸಿದ್ದರು. ಆ ಕಿರುಚಿತ್ರ ಬಾಫ್ಟಾ ಪ್ರಶಸ್ತಿ ಗೆದ್ದಿತು. ಮಲನ್ ಆಗಲೇ ಹೆಸರಾಂತ ನಟ, ಕೆನ್ ಲೋಚ್ ನಿರ್ದೇಶನದ ಚಿತ್ರಕ್ಕಾಗಿ 1998ರಲ್ಲಿ ಕಾನ್ ಉತ್ಸವದ ಶ್ರೇಷ್ಠ ನಟ ಪ್ರಶಸ್ತಿ ಪಡೆದವರು. ಕೋಲ್ಮನ್ ಮಾತ್ರ ಆಗ ಹಾಸ್ಯ ಧಾರಾವಾಹಿಗಳ ನಟಿಯೆಂದೇ ಪರಿಚಿತರಾಗಿದ್ದರು. 2007ರ ಹಾಸ್ಯಚಿತ್ರ ‘ಹಾಟ್ ಫಜ್’ನಲ್ಲಿ ಕಾನ್ಸಿಡೈನ್ ಜೊತೆ ಪೊಲೀಸ್ ಪಾತ್ರ ಮಾಡಿದ್ದ ಆಕೆಯಲ್ಲಿ ಹ್ಯಾನಾಳನ್ನು ಕಂಡದ್ದು ನಿರ್ದೇಶಕರ ದೊಡ್ಡ ಒಳನೋಟ. ಜೇಮ್ಸನ ಪಾತ್ರದಲ್ಲಿ ಎಡ್ಡಿ ಮಾರ್ಸನ್ ಸಣ್ಣ ದನಿಯ, ಸಣ್ಣ ಮೈಕಟ್ಟಿನ ಪೀಡಕನಾಗಿ ನಡುಕ ಹುಟ್ಟಿಸುತ್ತಾರೆ.

ನಟರು ನಿರ್ದೇಶಕರಾಗಿ ಮನೆಯೊಳಗಿನ ಹಿಂಸೆಯನ್ನು ಎತ್ತಿಕೊಂಡ ಬ್ರಿಟಿಷ್ ಚಿತ್ರಗಳ ಚಿಕ್ಕ ಪರಂಪರೆಯೇ ಇದೆ. ಗ್ಯಾರಿ ಓಲ್ಡ್‌ಮನ್‌ರ ‘ನಿಲ್ ಬೈ ಮೌತ್’ (1997), ಟಿಮ್ ರಾತ್‌ರ ‘ದಿ ವಾರ್ ಜೋನ್’ (1999) ಇದಕ್ಕೆ ಮುಂಚಿನವು. ‘ಟೈರನೊಸಾರ್’ಗೆ 2011ರ ಸನ್‌ಡ್ಯಾನ್ಸ್ ಉತ್ಸವದಲ್ಲಿ ನಿರ್ದೇಶನ ಪ್ರಶಸ್ತಿಯೂ ಇಬ್ಬರು ಮುಖ್ಯ ನಟರಿಗೆ ತೀರ್ಪುಗಾರರ ವಿಶೇಷ ಪ್ರಶಸ್ತಿಯೂ ಬಂದವು. 2012ರಲ್ಲಿ ಬಾಫ್ಟಾದ ಚೊಚ್ಚಲ ಕೃತಿ ಪ್ರಶಸ್ತಿ ದೊರೆಯಿತು. ಆದರೆ ಕೋಲ್ಮನ್‌ರ ಹೆಸರು ಆ ವರ್ಷ ಬಾಫ್ಟಾ ಶ್ರೇಷ್ಠ ನಟಿಯ ನಾಮನಿರ್ದೇಶನದಲ್ಲೂ ಇರಲಿಲ್ಲ, ಅದು ನ್ಯಾಯವೆನಿಸುವುದಿಲ್ಲ. 2019ರಲ್ಲಿ ಅವರು ‘ದಿ ಫೇವರಿಟ್’ ಚಿತ್ರಕ್ಕೆ ಆಸ್ಕರ್ ಪಡೆದರು. ಕಾನ್ಸಿಡೈನ್ ನಿರ್ದೇಶಿಸಿದ ಎರಡನೆಯ ಚಿತ್ರ 2017ರ ‘ಜರ್ನಿಮನ್’. ತಲೆಗೆ ಪೆಟ್ಟಾಗಿ ನೆನಪು, ಮಾತು ಎಡವುವ ಬಾಕ್ಸರ್ ಒಬ್ಬನ ಕಥೆ ಅದರಲ್ಲಿದೆ, ಆ ಪಾತ್ರವನ್ನು ಅವರೇ ವಹಿಸಿದ್ದಾರೆ.